ಮೂರರಲ್ಲಿ ಎರಡು ಬಿಚ್ಚಿದರೆ ಸಾಕು

ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿ ಆಕಾಶದಿಂದ ಏನಾದರೂ ಕ್ಷೇಮವಾಗಿ ಇಳಿಯಬೇಕೆಂದರೆ ಅದಕ್ಕೊಂದು ಮುಹೂರ್ತವಿದೆ: ಬೆಳಿಗ್ಗೆ 7 ಗಂಟೆ 10 ನಿಮಿಷ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ರೆಕ್ಕೆಯ ವಾಹನವನ್ನು ಹೊಟ್ಟೆಯಡಿ ನೇತುಹಾಕಿಕೊಂಡು ಕುದಾಪುರದಿಂದ ಮೇಲೆದ್ದದ್ದು 7.10ಕ್ಕೆ. 2024ರ ಮಾರ್ಚ್ 22ರ ಎರಡನೆಯ ಪ್ರಯೋಗವೂ 7.10ಕ್ಕೆ. ಅದೇ ವರ್ಷ ಜೂನ್ 23ರ ಮೂರನೆಯದೂ 7.10ಕ್ಕೇ. ಯಾವ ಜೋಯಿಸರು ಇಟ್ಟುಕೊಟ್ಟರೋ, ಮೂರಕ್ಕೆ ಮೂರೂ ಪಾಸು. ಅದೇ ಜೋಯಿಸರು ನಮ್ಮ ಮಳೆಗೂ ಒಂದು ಹೊತ್ತು ಗೊತ್ತುಮಾಡಿಕೊಟ್ಟಿದ್ದರೆ ಶೇಂಗಾ ಬೆಳೆಗಾರರು ಇಸ್ರೋಗೆ ಜೈ ಎನ್ನುತ್ತಿದ್ದರು.

ಆ ವಾಹನಕ್ಕೆ ಇಟ್ಟ ಹೆಸರು ಪುಷ್ಪಕ. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟರೆ ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬರುತ್ತದೆ. ಮೂರನೆಯ ಸಲ ಬೇಕೆಂದೇ ಅರ್ಧ ಕಿಲೋಮೀಟರ್ ಅಡ್ಡಕ್ಕೆ ಬಿಟ್ಟು ನೋಡಿದರು, ಆಗಲೂ ತಪ್ಪದೆ ಬಂತು. ಪ್ರಯಾಣಿಕರ ವಿಮಾನ ಗಂಟೆಗೆ 260 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ ಇದು 320 ದಾಟಿದ ವೇಗದಲ್ಲಿ ಮುಟ್ಟಿ, ಹಿಂದೆ ಪ್ಯಾರಾಚೂಟ್ ಬಿಚ್ಚಿ, ಶಿಸ್ತಾಗಿ ನಿಂತಿತು. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ಇಸ್ರೋ ಪುಷ್ಪಕದಲ್ಲಿ ಒಬ್ಬರಿಗೂ ಜಾಗವಿಲ್ಲ. ಇದನ್ನು ದೂರು ಎಂದುಕೊಳ್ಳಬೇಡಿ. ಆ ಸಂಸ್ಥೆಯ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಪಾಲು ಈ ಕಾರಣಕ್ಕೇ.

ಯಾಕೆಂದರೆ ಮನುಷ್ಯರನ್ನು ರೆಕ್ಕೆಯ ವಾಹನದಲ್ಲಿ ಕೂರಿಸಿ ಕಳಿಸಿದ ಅಮೆರಿಕದ ಕಥೆ ಎಲ್ಲರಿಗೂ ಗೊತ್ತಿದೆ. 1981ರಿಂದ 2011ರವರೆಗೆ ಅವರ ಷಟಲ್‌ಗಳು 135 ಸಲ ಹಾರಿದವು, ಎರಡು ಸಲ ಮುರಿದುಬಿದ್ದವು, 14 ಮಂದಿ ಸತ್ತರು. ಎರಡನೆಯ ಸಲ ಸತ್ತವರಲ್ಲಿ ನಮ್ಮ ಕರ್ನಾಲ್‌ನ ಹುಡುಗಿ ಕಲ್ಪನಾ ಚಾವ್ಲಾ ಒಬ್ಬರು. ಷಟಲ್ ನೋಡಲು ಚೆಂದ, ಮತ್ತೆ ಮತ್ತೆ ಬಳಸಬಹುದು, ಫೋಟೋಕ್ಕೆ ಹೇಳಿ ಮಾಡಿಸಿದ್ದು. ಮೇಲೇರುವಾಗ ಬೂಸ್ಟರ್ ರಾಕೆಟ್ಟು ಕೈಕೊಟ್ಟರೆ ಒಳಗಿದ್ದವರು ಪಾರಾಗುವ ದಾರಿ ಮಾತ್ರ ಬಹುತೇಕ ಇರಲಿಲ್ಲ. ರಷ್ಯಾದವರ ಸೋಯುಜ್ ನೋಡಿ, ರೂಪವೂ ಇಲ್ಲ ರೆಕ್ಕೆಯೂ ಇಲ್ಲ. ಆದರೆ ನೆತ್ತಿಯ ಮೇಲೊಂದು ಪುಟ್ಟ ರಾಕೆಟ್ ಗೋಪುರವಿದೆ. 1983ರಲ್ಲಿ ಉಡಾವಣೆಯ ಕಟ್ಟೆಯ ಮೇಲೇ ಬೆಂಕಿ ಹತ್ತಿದಾಗ ಅದು ಇಬ್ಬರನ್ನು ಕೂತಿದ್ದ ಗೂಡಿನ ಸಮೇತ ಕಿತ್ತು ದೂರ ಒಯ್ದು ಇಳಿಸಿತು. 2018ರಲ್ಲಿ ಮೇಲೇರುತ್ತಿದ್ದ ಸೋಯುಜ್ ಕೆಟ್ಟಾಗಲೂ ಒಳಗಿದ್ದ ಇಬ್ಬರು ಬದುಕಿ ಬಂದರು. ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ತನ್ನ ಗಗನಯಾನಕ್ಕೆ ಇಸ್ರೋ ಆರಿಸಿಕೊಂಡದ್ದು ಈ ರೂಪವಿಲ್ಲದ ಜಾತಿಯನ್ನೇ. ಪುಷ್ಪಕ ಖಾಲಿಯಾಗಿ ಇನ್ನಷ್ಟು ವರ್ಷ ಕಲಿಯಲಿ. ಮನುಷ್ಯರು ತಲೆಯ ಮೇಲೆ ಗೋಪುರವಿರುವ ಗೂಡಿನಲ್ಲೇ ಹೋಗಲಿ.

ಆ ಗೂಡಿನ ವಿನ್ಯಾಸ ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ಇಡೀ ವಿದ್ಯೆ ನಿಂತಿರುವುದು ಒಂದು ಅಪಶಕುನದ ಪ್ರಶ್ನೆಯ ಮೇಲೆ: ಇದು ಕೆಟ್ಟರೆ? ಕೆಟ್ಟದ್ದಕ್ಕೆ ಬದಲಿಯಾಗಿ ಇಟ್ಟದ್ದೂ ಕೆಟ್ಟರೆ? ವಾಪಸು ಬರುವಾಗ ಬಿಚ್ಚಿಕೊಳ್ಳಲು ಒಟ್ಟು ಹತ್ತು ಪ್ಯಾರಾಚೂಟ್. ಮೇಲ್ಮುಚ್ಚಳ ತೆಗೆಯಲು ಎರಡು, ವೇಗ ತಗ್ಗಿಸಲು ಎರಡು, ದೊಡ್ಡವನ್ನು ಎಳೆದು ಹೊರತರಲು ಮೂರು, ಕೊನೆಗೆ ದೊಡ್ಡವು ಮೂರು. ಆ ದೊಡ್ಡ ಮೂರರಲ್ಲಿ ಎರಡು ಬಿಚ್ಚಿಕೊಂಡರೆ ಸಾಕು, ಒಳಗಿನವರು ಸುರಕ್ಷಿತ. ನಮ್ಮ ಸೀಮೆಯ ರೈತನೂ ಇದೇ ಲೆಕ್ಕದಲ್ಲಿ ಮೂರು ಬೋರು ಕೊರೆಸಿ, ಮೂರೂ ಧೂಳು ಉಗುಳಿದ ಮೇಲೆ ಬ್ಯಾಂಕಿನ ನೋಟಿಸು ಹಿಡಿದು ಕೂತಿದ್ದಾನೆ. ಅವನನ್ನು ಎಳೆದೊಯ್ಯಲು ನೆತ್ತಿಯ ಮೇಲೆ ಗೋಪುರವಿರಲಿಲ್ಲ. (ಪ್ಯಾರಾಚೂಟಿಗೆ ಮೊಳಕಾಲ್ಮೂರು ರೇಷ್ಮೆಯನ್ನೇ ಬಳಸಬೇಕೆಂದು ನಮ್ಮ ಯಾವ ಮುಖಂಡರೂ ಇನ್ನೂ ಹೇಳಿಕೆ ಕೊಟ್ಟಿಲ್ಲ. ಚುನಾವಣೆ ದೂರವಿರಬೇಕು.) ಇಷ್ಟೆಲ್ಲ ಆದ ಮೇಲೂ ಉಡಾವಣೆಯ ಮುಂಚೆ ರಾಕೆಟ್ಟಿನ ಮಾದರಿಯನ್ನು ತಿಮ್ಮಪ್ಪನ ಪಾದಕ್ಕಿಟ್ಟು ಬರುವ ಪದ್ಧತಿಯಿದೆ. ಕೆಲವರು ಇದನ್ನು ಮೂಢನಂಬಿಕೆ ಎಂದು ನಗುತ್ತಾರೆ. ನನಗೆ ಅದು ಹನ್ನೊಂದನೆಯ ಪ್ಯಾರಾಚೂಟಿನಂತೆ ಕಾಣುತ್ತದೆ.

ಈಗ ಇದೆಲ್ಲ ನಡೆಯುವ ನೆಲದ ವಿಚಾರ. ಕುದಾಪುರ, ವರವು, ಉಳ್ಳಾರ್ತಿ ಇವು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿ ಶುರುವಾದ ದನದ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ಎತ್ತುಗಳು ಫಿರಂಗಿ ಎಳೆದವು. ಅಂದರೆ ಇದು ಅವತ್ತಿನಿಂದಲೂ ರಕ್ಷಣಾ ಇಲಾಖೆಯ ಜಾಗವೇ. ಆಗಿನ ರಕ್ಷಣೆ ಹುಲ್ಲು ತಿನ್ನುತ್ತಿತ್ತು, ಅಷ್ಟೇ ವ್ಯತ್ಯಾಸ. ಇಸ್ರೋಗೂ ಎತ್ತಿನ ಋಣವಿದೆ. 1981ರಲ್ಲಿ ಆ್ಯಪಲ್ ಉಪಗ್ರಹದ ಪರೀಕ್ಷೆಗೆ ಕಬ್ಬಿಣದ ವಾಹನ ಆಗಿಬರುವುದಿಲ್ಲವೆಂದು ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರ ಲೋಕಪ್ರಸಿದ್ಧ. ಚಿತ್ರವನ್ನು ಜೋಪಾನ ಮಾಡಿದ್ದೇವೆ, ಮೇವಿನ ಜಾಗ ಮಾತ್ರ ಹೋಯಿತು.

ಕಾವಲು ಅಂದರೇನು ಎಂದು ಬೆಂಗಳೂರಿನವರು ಕೇಳುತ್ತಾರೆ. ಊರ ಸುತ್ತಿನ ಹುಲ್ಲು ತೀರಿದ ವರ್ಷ, ಕೆರೆ ಬಿರುಕುಬಿಟ್ಟ ವರ್ಷ ಕುರಿ, ದನ, ಮ್ಯಾಸನಾಯಕರ ದೇವರೆತ್ತುಗಳು ಹೋಗಿ ಜೀವ ಹಿಡಿದುಕೊಳ್ಳುವ ಜಾಗ. ಬರ ಬಂದರೆ? ಎನ್ನುವ ಪ್ರಶ್ನೆಗೆ ನಮ್ಮ ಹಿರಿಯರು ಕಟ್ಟಿಕೊಂಡಿದ್ದ ಉತ್ತರ. ಇಸ್ರೋ ಭಾಷೆಯಲ್ಲಿ ಹೇಳುವುದಾದರೆ ಈ ಸೀಮೆಯ ಎಸ್ಕೇಪ್ ಸಿಸ್ಟಮ್ಮು. ಮೂರು ಜನರ ಎಸ್ಕೇಪ್ ಸಿಸ್ಟಮ್ ಬಗ್ಗೆ ಹಗಲೂ ರಾತ್ರಿ ತಲೆಕೆಡಿಸಿಕೊಳ್ಳುವ ದೇಶ, ಹತ್ತಾರು ಹಳ್ಳಿಗಳ ಎಸ್ಕೇಪ್ ಸಿಸ್ಟಮ್ಮನ್ನು ಪಾಳುಭೂಮಿ ಎಂದು ಕರೆದು ಗೋಡೆ ಕಟ್ಟಿತು. ಒಟ್ಟು ಸುಮಾರು ಹತ್ತು ಸಾವಿರ ಎಕರೆ. ಇಸ್ರೋ ಪಾಲು 573 ಎಕರೆ ಮಾತ್ರ. ದೊಡ್ಡ ತುತ್ತು ಬೇರೆಯವರದು. ಜನ ಪ್ರತಿಭಟಿಸಿದರು, 2014ರಲ್ಲಿ ಹಸಿರು ನ್ಯಾಯಮಂಡಳಿಯ ತೀರ್ಪೂ ಬಂತು, ಗೋಡೆ ಉಳಿಯಿತು. ಈಗ ಬರ ಬಿದ್ದರೆ ಸರ್ಕಾರ ಗೋಶಾಲೆ ತೆರೆದು ಲಾರಿಯಲ್ಲಿ ಮೇವು ತರಿಸುತ್ತದೆ, ಹಂಚುವಾಗ ಫೋಟೋ ತೆಗೆಸಿಕೊಳ್ಳುತ್ತದೆ.

ನಾಯಕನಹಟ್ಟಿ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರಿಗೆ ಗೋಡೆಯೊಳಗಿನ ಕೆಲಸದ ವೈಜ್ಞಾನಿಕ ಮಹತ್ವ ತಿಳಿಸಲು ಹೋದೆ.

"ಅಲ್ಲಪ್ಪ, ಮೂರು ಜನ ಮ್ಯಾಕೆ ಹೋಗಾಕೆ ಇಷ್ಟಗಲ ಜಾಗ ಬೇಕಾ?"

"ಇಲ್ಲಿಂದ ಹೋಗಲ್ಲ ಮಾವ, ಶ್ರೀಹರಿಕೋಟಾದಿಂದ ಹೋಗ್ತಾರೆ."

"ಹಂಗಾರೆ ಇಲ್ಲಿ ಇಳೀತಾರಾ?"

"ಇಲ್ಲ ಮಾವ, ಸಮುದ್ರದಾಗೆ ಇಳೀತಾರೆ."

"ಮತ್ತೆ ಇಲ್ಲೇನು?"

"ಇಲ್ಲಿ ತರಬೇತಿ. ಎರಡು ಸಾವಿರದ ಏಳುನೂರು ಕೋಟಿ ಯೋಜನೆ ಅಂತ 2020ರಲ್ಲೇ ಪೇಪರಿನಾಗೆ ಬಂದಿತ್ತು."

ಗಗನಯಾನಕ್ಕೆ ಆರಿಸಿದ ನಾಲ್ವರು ಆಗಲೇ ರಷ್ಯಾದಲ್ಲಿ, ಬೆಂಗಳೂರಿನಲ್ಲಿ ತರಬೇತಿ ಪಡೆದಿದ್ದಾರೆ, ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಮೆರಿಕದ ವಾಹನ ಹತ್ತಿ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಯೂ ಬಂದರು, ಧಾರವಾಡದವರು ಕೊಟ್ಟ ಹೆಸರುಕಾಳು ಮೆಂತ್ಯ ಅಲ್ಲಿ ಮೊಳಕೆಯೂ ಒಡೆಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಹಿರಿಯರು ಗೋಡೆಯತ್ತ ಒಮ್ಮೆ, ಕುರಿಗಳತ್ತ ಒಮ್ಮೆ ನೋಡಿ ಹೊರಟರು.

ಗೋಡೆಯೊಳಗಿನ ವಿಜ್ಞಾನ ಊರಿಗೆ ಬಂದೇ ಇಲ್ಲ ಎಂದರೆ ತಪ್ಪಾದೀತು. 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟಕ್ಕೆ ಬಂತು, ಕರೆಯದೆ. 2023ರ ಆಗಸ್ಟ್‌ನಲ್ಲಿ ತಪಸ್ ಎಂಬ ಹೆಸರಿನಲ್ಲಿ ಅದೇ ಮಾದರಿಯ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಂತು. ಎರಡು ಸಲವೂ ಯಾರಿಗೂ ಏಟಾಗಲಿಲ್ಲ. ಜನ ಓಡಿಬಂದು ಮೊಬೈಲಿನಲ್ಲಿ ಹಿಡಿದುಕೊಂಡರು. ಗೇಟು ಪಾಸಿಲ್ಲದೆ ನಮ್ಮವರು ಹೈಟೆಕ್ ವಿಮಾನವನ್ನು ಕೈಯಿಂದ ಮುಟ್ಟುವಷ್ಟು ಹತ್ತಿರದಲ್ಲಿ ನೋಡಿದ್ದು ಆ ಎರಡೇ ಸಲ. ಪ್ರಯೋಗ ಎಂದ ಮೇಲೆ ಬೀಳುವುದು ಸಹಜ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಬಿದ್ದರೆ? ಎಂಬ ಪ್ರಶ್ನೆಗೆ ವಿಮಾನದ ಕಡೆಯಿಂದ ಉತ್ತರವಿತ್ತು, ತೋಟದ ಕಡೆಯಿಂದ ಯಾರೂ ಬರೆದಿರಲಿಲ್ಲ.

ಮೇಲಿನವರ ಆಜ್ಞೆ ಈ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ, ಪ್ರಾಕೃತದಲ್ಲಿ. ಬರೆದ ಲಿಪಿಕಾರ ಚಪಡ ಕೊನೆಗೆ ತನ್ನ ವೃತ್ತಿಯ ಹೆಸರನ್ನು ಎಲ್ಲಿಯದೋ ಖರೋಷ್ಠಿ ಲಿಪಿಯಲ್ಲಿ ಗೀಚಿ ಹೋದ. ಇವತ್ತಿನ ಪರಿಸರ ಅನುಮತಿಯ ಕಡತ ಇಂಗ್ಲಿಷಿನಲ್ಲಿದೆ ಎಂದು ಗೊಣಗುವವರು ಪರಂಪರೆ ತಿಳಿಯದವರು. ಆದರೂ ಆ ಚಕ್ರವರ್ತಿಯ ಆದೇಶ ಶುರುವಾಗುವುದು ಇಲ್ಲಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ. ಅಷ್ಟು ಸೌಜನ್ಯ ಆಮೇಲಿನ ಯಾವ ಸುತ್ತೋಲೆಯಲ್ಲೂ ನಾನು ಕಂಡಿಲ್ಲ.

ಮೇಲಿನವರು ಹೇಳಿದರೆ ಸಾಲದು, ಕೇಳಲೂ ಬೇಕು. ಅಂತರಿಕ್ಷದ ಅಪಘಾತಗಳ ತನಿಖೆಗಳನ್ನು ಓದಿದವರಿಗೆ ಗೊತ್ತು, ರಬ್ಬರಿನ ಉಂಗುರ, ನೊರೆಯ ತುಂಡು ಇವೆಲ್ಲ ನೆಪಮಾತ್ರದ ಕೊಲೆಗಾರರು. 1986ರ ಜನವರಿ 27ರ ರಾತ್ರಿ, ಚಳಿಗೆ ಉಂಗುರ ಗಡುಸಾಗುತ್ತದೆ, ನಾಳೆ ಹಾರಿಸಬೇಡಿ ಎಂದು ಎಂಜಿನಿಯರುಗಳು ಹೇಳಿದರು. ಮೇಲಿನವರು ಹಾರಿಸಿದರು. ಚಾಲೆಂಜರ್ ಷಟಲ್ 73 ಸೆಕೆಂಡಿಗೆ ಛಿದ್ರವಾಯಿತು. 2003ರಲ್ಲಿ, ಕೊಲಂಬಿಯಾದ ಎಡರೆಕ್ಕೆಗೆ ನೊರೆ ಬಡಿದಿದೆ, ಚಿತ್ರ ತೆಗೆಸಿ ನೋಡೋಣ ಎಂದು ಕೆಳಗಿನವರು ಕೇಳಿದರು. ಬೇಡ ಎಂದರು. ಯಂತ್ರಕ್ಕಿಂತ ಮುಂಚೆ ಕಿವಿ ಕೆಟ್ಟಿತ್ತು. ಈ ದೃಷ್ಟಿಯಿಂದ ನೋಡಿದರೆ ಗಗನಯಾನದ ಅತ್ಯುತ್ತಮ ಬಿಡಿಭಾಗ ಅದರ ವಿಳಂಬ. 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ 2022 ಎಂದು ಘೋಷಣೆಯಾಯಿತು. 2022 ಬಂತು, ಹೋಯಿತು. ಗಡುವು ಆಮೇಲೆ ಜಾರುತ್ತಾ 2027ರವರೆಗೆ ಹೋಯಿತು. ಟಿ.ವಿ.ಯವರು ಇನ್ನೆಷ್ಟು ಮುಂದೂಡುತ್ತಾರೆ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಮುಂದೂಡಲಿ ಸ್ವಾಮಿ. ಭಾಷಣದ ತಾರೀಖಿಗೆ ರಾಕೆಟ್ ಹಾರಿಸದ ಎಂಜಿನಿಯರಿಗೆ ಪದ್ಮಶ್ರೀ ಕೊಡಬೇಕು. ಭದ್ರಾ ಮೇಲ್ದಂಡೆ ನೀರಿಗೆ ಕಾದು ಕೂತ ನಮಗೆ ಕಾಯುವುದೇನು ಹೊಸದೇ?

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಗಗನಯಾನದ ನೆತ್ತಿಯ ಗೋಪುರದ ಪರೀಕ್ಷಾರ್ಥ ಹಾರಾಟವಿತ್ತು. ಇನ್ನು ಐದೇ ಸೆಕೆಂಡ್ ಇರುವಾಗ ಕಂಪ್ಯೂಟರು ಏನೋ ಸರಿಯಿಲ್ಲವೆಂದು ತಾನೇ ಎಣಿಕೆ ನಿಲ್ಲಿಸಿತು. ಇಡೀ ದೇಶ ನೋಡುತ್ತಿದೆ, ಮಂತ್ರಿಗಳು ಟ್ವೀಟು ಬರೆದಿಟ್ಟುಕೊಂಡಿದ್ದಾರೆ ಎಂಬ ಯಾವ ದಾಕ್ಷಿಣ್ಯವೂ ಅದಕ್ಕಿರಲಿಲ್ಲ. ಸರಿಪಡಿಸಿ ಹತ್ತು ಗಂಟೆಗೆ ಹಾರಿಸಿದರು. ಗೂಡು ಸಮುದ್ರಕ್ಕಿಳಿದ ಮೇಲೆ ತಲೆಕೆಳಗಾಯಿತು, ಅದನ್ನೂ ಮುಚ್ಚಿಡದೆ ಹೇಳಿದರು. ಮುಂದಿನದಕ್ಕೆ ನೆಟ್ಟಗೆ ನಿಲ್ಲಿಸುವ ವ್ಯವಸ್ಥೆ ಇರುತ್ತದೆ ಎಂದರು. ಈ ಕಂಪ್ಯೂಟರಿನ ಜಾತಿಯದೊಂದನ್ನು ನಮ್ಮ ತಾಲ್ಲೂಕು ಕಚೇರಿಗೂ ಕೊಡಿಸಿ ಎಂದು ಅರ್ಜಿ ಬರೆಯಲು ಕೂತಿದ್ದೆ. ಯಾವುದೇ ಆದೇಶ ಜಾರಿಯಾಗಲು ಐದು ಸೆಕೆಂಡ್ ಇರುವಾಗ, ಇದು ಕೆಟ್ಟರೆ ಯಾರಿಗೆ ಏಟು ಎಂದು ಕೇಳಿ ನಿಲ್ಲಿಸುವಂಥದ್ದು. ಪಕ್ಕದಲ್ಲಿದ್ದವರು ನಕ್ಕು ಹೇಳಿದರು, ಅಂಥದ್ದು ಅಲ್ಲಿ ಆಗಲೇ ಇದೆಯಂತೆ. ಪಹಣಿ ಕೇಳಲು ಹೋದರೆ, ಖಾತೆ ಬದಲಿಸಲು ಹೋದರೆ, ಅಜ್ಜಿಯ ಪಿಂಚಣಿ ನಿಂತಿತೆಂದು ಹೋದರೆ ತಪ್ಪದೆ ಎಣಿಕೆ ನಿಲ್ಲಿಸುತ್ತದೆ, ಸರ್ವರ್ ಡೌನ್. ಡಿಆರ್‌ಡಿಒಗೆ 4,290, ಬಿಎಆರ್‌ಸಿಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573 ಎಕರೆ ಎಂದು ಬರೆದುಕೊಟ್ಟ ದಿನಗಳಲ್ಲಿ ಮಾತ್ರ ಎಲ್ಲವೂ ಸರಾಗವಾಗಿ ಓಡುತ್ತಿತ್ತು.