ಕೀಳುವ ಮುನ್ನ ಒಂದು ಮನವಿ

ಇಂದ:
46ನೇ ನಂಬರಿನ ಹಲ್ಲು,
ಕೆಳದವಡೆ, ಬಲಬದಿ.

ಇವರಿಗೆ:
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೆ,

ವಿಷಯ: ನನ್ನನ್ನು ಕೀಳುವ ಖರ್ಚು ಹಾಗೂ ಉಳಿಸುವ ಖರ್ಚಿನ ನಡುವಿನ ವ್ಯತ್ಯಾಸದ ಕುರಿತು.
ಉಲ್ಲೇಖ: ನಿನ್ನೆ ರಾತ್ರಿ ಎರಡು ಗಂಟೆಗೆ ನಮ್ಮ ಯಜಮಾನಿ ಸಲ್ಲಿಸಿದ ಮೌಖಿಕ ದೂರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಅಡಿಕೆ ಸುಲಿಯುವ ಹೆಣ್ಣುಮಗಳೊಬ್ಬಳ ಬಾಯಲ್ಲಿ ಸೇವೆಯಲ್ಲಿರುವ ದವಡೆ ಹಲ್ಲು. ಅವಳ ಆರನೇ ವಯಸ್ಸಿಗೆ ಕೆಲಸಕ್ಕೆ ಹಾಜರಾದೆ. ನನಗಿಂತ ಮೊದಲು ಅಲ್ಲಿದ್ದ 20 ಹಾಲುಹಲ್ಲುಗಳು ಹೊರಗುತ್ತಿಗೆಯವು. ಅವಧಿ ಮುಗಿದಂತೆ ಒಂದೊಂದಾಗಿ ಉದುರಿದವು. ನಾನು ಯಾರ ಜಾಗಕ್ಕೂ ಬಂದದ್ದಲ್ಲ, ಆ ಸಾಲಿನ ಹಿಂದೆ ನೇರ ನೇಮಕಾತಿಯಲ್ಲಿ ಬಂದೆ. ಯಾವ ಹಲ್ಲೂ ಬೀಳದೆ ಹುಟ್ಟಿದ್ದರಿಂದ ಮನೆಯವರು ನನ್ನನ್ನೂ ಹಾಲುಹಲ್ಲೆಂದೇ ತಿಳಿದರು. ತೂತು ಬಿದ್ದಾಗ, "ಬಿಡು, ಹೆಂಗೂ ಬೀಳತ್ತೆ, ಹೊಸದು ಬರತ್ತೆ" ಅಂದರು. ಹೊಸದು ಬರುವುದಿಲ್ಲ ಎಂದು ಹೇಳಬೇಕಾದವರು ಅವಳ ಶಾಲೆಯ ಕಡೆ ತಲೆ ಹಾಕಲಿಲ್ಲ.

ಈಗ ಹುಳುಕು ನರ ಮುಟ್ಟಿದೆ. ಯಜಮಾನಿ ಲವಂಗ ಕಚ್ಚಿದಳು, ಅಂಗಡಿಯ ಮಾತ್ರೆ ನುಂಗಿದಳು, ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಬಂದಳು. ಅಲ್ಲಿ ಚೀಟಿ ಅಗ್ಗ, ಇಂಜೆಕ್ಷನ್ ಪುಕ್ಕಟೆ, ಡಾಕ್ಟರೂ ಒಳ್ಳೆಯವರು. ಕನ್ನಡಿ ಇಟ್ಟು ನೋಡಿ, "ರೂಟ್ ಕೆನಾಲ್ ಮಾಡಿದ್ರೆ ಉಳಿಯತ್ತೆ ಕಣಮ್ಮ. ಆದ್ರೆ ಸಾಮಾನು ಬಂದಿಲ್ಲ. ಸೋಮವಾರ ಬಾ, ಕಿತ್ತುಬಿಡೋಣ" ಅಂದರು. ಅವರ ಕಷ್ಟ ನನಗೆ ಗೊತ್ತು. ಕೀಳಲು ಕೆಲವು ನಿಮಿಷ ಸಾಕು. ಉಳಿಸಬೇಕಾದರೆ ನನ್ನ ಎರಡು ಬೇರುಗಳೊಳಗಿನ ಮೂರು ನಾಳಗಳನ್ನು ಸೂಜಿಯಷ್ಟು ಸಣ್ಣ ಫೈಲಿನಿಂದ ಕೆರೆಯಬೇಕು, ತೊಳೆಯಬೇಕು, ಎಕ್ಸ್‌ರೇ ತೆಗೆದು ನೋಡಬೇಕು, ಆಮೇಲೆ ತುಂಬಿ ಮುಚ್ಚಬೇಕು. ಇರುವುದೊಂದೇ ಕುರ್ಚಿ. ಅದರಲ್ಲಿ ಒಬ್ಬರನ್ನೇ ಒಂದು ಗಂಟೆ ಮಲಗಿಸಿದರೆ ಹೊರಗೆ ಕೆನ್ನೆ ಹಿಡಿದು ಕೂತವರು ಬಾಗಿಲು ಮುರಿಯುತ್ತಾರೆ. ಹೀಗಾಗಿ ಬಡವರ ಪಾಲಿಗೆ ತಡವಿಲ್ಲದೆ ಸಿಗುವ ಸರ್ಕಾರಿ ಸವಲತ್ತೆಂದರೆ ಇಕ್ಕಳ.

ಯಜಮಾನಿ ಬಸ್‌ಸ್ಟ್ಯಾಂಡ್ ಪಕ್ಕದ ಖಾಸಗಿ ಕ್ಲಿನಿಕ್ಕಿಗೂ ಹೋಗಿ ಬಂದಳು. ಬಾಗಿಲಲ್ಲಿ 'ಉಚಿತ ತಪಾಸಣೆ' ಎಂಬ ಬೋರ್ಡು. ತಪಾಸಣೆ ನಿಜಕ್ಕೂ ಉಚಿತ. ಕಂಡುಹಿಡಿದ ಕಾಯಿಲೆ ಮಾತ್ರ ಉಚಿತವಲ್ಲ. ಊರು, ಡಾಕ್ಟರು ನೋಡಿಕೊಂಡು ದವಡೆ ಹಲ್ಲಿನ ರೂಟ್ ಕೆನಾಲಿಗೆ ಸುಮಾರು 3,000ದಿಂದ 8,000 ರೂಪಾಯಿ. ಮೇಲೊಂದು ಕ್ಯಾಪ್ ಬೇಕು. ಲೋಹದ್ದಕ್ಕೆ ಒಂದು ದರ, ಸೆರಾಮಿಕ್ಕಿಗೆ ಅದಕ್ಕಿಂತ ಮೇಲೆ, ಜಿರ್ಕೋನಿಯಾ ಅಂದರೆ ಹತ್ತು ಸಾವಿರ ದಾಟಿದರೂ ದಾಟಿತು. ಯಜಮಾನಿ ಆಕಳಿಸಿದರೂ ಯಾರ ಕಣ್ಣಿಗೂ ಬೀಳದ ನನಗೆ ಜಿರ್ಕೋನಿಯಾ "ನ್ಯಾಚುರಲ್ ಲುಕ್ ಕೊಡತ್ತೆ ಮೇಡಂ" ಎಂದಳು ಕೌಂಟರಿನ ಹುಡುಗಿ. ಜಿರ್ಕೋನಿಯಾ ಬಿಟ್ಟು, ಅಗ್ಗದ ಕ್ಯಾಪ್ ಸೇರಿಸಿ ಕನಿಷ್ಠ ಅಂದಾಜು ಬಂದದ್ದು 10,000. ಯಜಮಾನಿ ತಕ್ಷಣ ಅದನ್ನು ತನಗೆ ಗೊತ್ತಿರುವ ಲೆಕ್ಕಕ್ಕೆ ತಂದಳು: ಐದು ತಿಂಗಳ ಗೃಹಲಕ್ಷ್ಮಿ. ಅಷ್ಟನ್ನೂ ಒಂದು ಹಲ್ಲಿಗೆ ಸುರಿದರೆ ಮಿಕ್ಕ ಹಲ್ಲುಗಳಿಗೆ ಅಗಿಯಲು ಏನು ಉಳಿಯುತ್ತದೆ?

ಆ ಡಾಕ್ಟರನ್ನೂ ಬೈಯುವಂತಿಲ್ಲ. ಖಾಸಗಿ ಕಾಲೇಜಿಗೆ ಕಟ್ಟಿದ ಫೀಸು, ಕುರ್ಚಿಯ ಮೇಲಿನ ಸಾಲ, ಅಂಗಡಿ ಬಾಡಿಗೆ, ಲ್ಯಾಬಿನವರ ಬಿಲ್ಲು ಎಲ್ಲವೂ ನನ್ನ ಮೂರು ನಾಳಗಳಿಂದಲೇ ಹೊರಡಬೇಕು. ರಾಜ್ಯದ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರದವು ಬೆರಳೆಣಿಕೆಯಷ್ಟು. ಡಾಕ್ಟರನ್ನು ತಯಾರಿಸುವ ಖರ್ಚನ್ನು ಡಾಕ್ಟರ ಅಪ್ಪನೇ ಕೊಟ್ಟ ಮೇಲೆ ವಸೂಲಿ ರೋಗಿಯಿಂದಲ್ಲದೆ ಇನ್ಯಾರಿಂದ? ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಒಳ್ಳೆಯ ಕಾಯ್ದೆ. ಎಲ್ಲಿ ನೋಯುತ್ತದೆಂಬುದು ಹಲ್ಲಿಗೆ ಗೊತ್ತು, ಎಷ್ಟು ನೋಯುತ್ತದೆಂಬುದು ಗೋಡೆ ನೋಡಿದರೆ ಗೊತ್ತಾಗುತ್ತದೆ. ಇನ್ನು ಆರೋಗ್ಯ ವಿಮೆ. ಅಪಘಾತದಲ್ಲಿ ಹಲ್ಲು ಮುರಿದಿದ್ದರೆ ನೋಡಬಹುದಿತ್ತು ಎನ್ನುವುದು ಅದರ ಸಾಮಾನ್ಯ ಉತ್ತರ. ನಾನು ತಾಳ್ಮೆಯಿಂದ, ವರ್ಷಗಟ್ಟಲೆ ಕೊಳೆತದ್ದೇ ತಪ್ಪಾಯಿತು.

ನಡುವಿನ ದಾರಿಯೂ ಒಂದಿದೆ: ಜಿಲ್ಲಾ ಕೇಂದ್ರದ ದಂತ ಕಾಲೇಜು. ವಿದ್ಯಾರ್ಥಿಗಳು ಪರೀಕ್ಷೆಗೆ ಮುಂಚೆ ಇಷ್ಟು ಕೇಸು ಮುಗಿಸಲೇಬೇಕಾದ್ದರಿಂದ ಅಲ್ಲಿ ನನ್ನಂಥವರಿಗೆ ಮರ್ಯಾದೆ ಜಾಸ್ತಿ, ದರ ಕಡಿಮೆ. ಶಕ್ತಿ ಯೋಜನೆಯ ದಯೆಯಿಂದ ಯಜಮಾನಿಗೆ ಬಸ್ಸೂ ಪುಕ್ಕಟೆ. ಆದರೆ ಕೊನೆಕೊಯ್ಲಿನ ಹಂಗಾಮಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಷ್ಟಕ್ಕೇ ಕೂಲಿ. ಪ್ರತಿ ಸಿಟ್ಟಿಂಗಿಗೂ ಒಂದು ದಿನದ ದುಡಿಮೆ ಹೋಗುತ್ತದೆ. ಅದನ್ನು ಬರೆಯಲು ಕಾಲೇಜಿನ ರಸೀದಿಯಲ್ಲಿ ಕಾಲಂ ಇಲ್ಲ.

ಇಷ್ಟಾಗಿಯೂ ಸರ್ಕಾರಕ್ಕೆ ಹಲ್ಲಿನ ಮೇಲೆ ಪ್ರೀತಿಯಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬಂದ 'ದಂತಭಾಗ್ಯ' ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುತ್ತದೆ. ಬೊಚ್ಚು ಬಾಯಲ್ಲಿ ರೊಟ್ಟಿ ನೆನೆಸಿ ತಿನ್ನುತ್ತಿದ್ದವರಿಗೆ ಅದು ದೊಡ್ಡ ಉಪಕಾರವೇ. ನನ್ನ ಸಂಶಯ ಇಷ್ಟೇ. ಹಲ್ಲು ಹೋದ ಮೇಲೆ ಸರ್ಕಾರ ಕೊಡುತ್ತದೆ, ಹಲ್ಲಿರುವಾಗ ಸರ್ಕಾರ ಕೀಳುತ್ತದೆ. ಹಾಗಾದರೆ ನಾನು ಹಿಡಿದುಕೊಂಡು ನಿಂತಿರುವುದು ಫಲಾನುಭವಿಯಾಗುವ ಯಜಮಾನಿಯ ಅರ್ಹತೆಗೇ ಅಡ್ಡಿಯಲ್ಲವೆ?

ಸೋಮವಾರದ ನಂತರದ ಆಡಳಿತವನ್ನೂ ಗಮನಿಸಬೇಕು. ನನ್ನ ಹುದ್ದೆ ಖಾಲಿ ಬಿದ್ದು ಭರ್ತಿಯಾಗದೆ ಉಳಿಯುತ್ತದೆ. ಪಕ್ಕದ 47ನೆಯವರು ನನ್ನ ಜಾಗಕ್ಕೆ ವಾಲಲು ಶುರುಮಾಡುತ್ತಾರೆ. ಮೇಲ್ದವಡೆಯಲ್ಲಿ ನನಗೆ ಎದುರಾಗಿದ್ದ 16ನೆಯವರು, ಕಚ್ಚಲು ಯಾರೂ ಇಲ್ಲದೆ, ಕೆಳಕ್ಕೆ ಇಳಿಯುತ್ತಾರೆ. ಅಗಿಯುವ ಹೆಚ್ಚುವರಿ ಪ್ರಭಾರ ಪೂರ್ತಿ ಎಡಬದಿಗೆ. ಕ್ರಮೇಣ ಒಬ್ಬೊಬ್ಬರ ಕಡತವೂ ಇದೇ ಇಕ್ಕಳದ ಮುಂದೆ ಬರುತ್ತದೆ.

ಆದ್ದರಿಂದ ಎರಡರಲ್ಲೊಂದು ಪ್ರಾರ್ಥನೆ. ಒಂದು: ತಾಲ್ಲೂಕು ಆಸ್ಪತ್ರೆಗೆ ಇನ್ನೊಂದು ಕುರ್ಚಿ, ಇನ್ನೊಬ್ಬ ಡಾಕ್ಟರು, ಮುಗಿಯುವ ಮೊದಲೇ ಬರುವ ಸಾಮಾನು, ಜೊತೆಗೆ ಆರು ವರ್ಷದ ಶಾಲಾ ಮಕ್ಕಳ ಹೊಸ ದವಡೆ ಹಲ್ಲಿನ ಗೀರುಗಳಿಗೆ ಹುಳುಕು ಹಿಡಿಯುವ ಮುನ್ನವೇ ಸೀಲೆಂಟ್ ಬಳಿಯುವ ವ್ಯವಸ್ಥೆ. ಈ ಕೊನೆಯದಕ್ಕೆ ಇಂಜೆಕ್ಷನ್ನೂ ಬೇಡ, ಕೊರೆಯುವುದೂ ಬೇಡ. ಎರಡು: ಮೇಲಿನದು ಬೊಕ್ಕಸಕ್ಕೆ ಹೊರೆಯಾಗುವುದಾದರೆ, ಒಂದೊಂದೇ ಕಿತ್ತು ಯಜಮಾನಿಯ ಕೂಲಿ ಹಾಳುಮಾಡದೆ ಎಲ್ಲವನ್ನೂ ಒಂದೇ ಸೋಮವಾರ ಕಿತ್ತು, ಅದೇ ಕೌಂಟರಿನಲ್ಲಿ ದಂತಪಂಕ್ತಿಯ ಅರ್ಜಿ ಫಾರಂ ಕೊಡುವುದು.

ತಮ್ಮ ಉತ್ತರ ಸೋಮವಾರ ಬೆಳಗ್ಗೆ ಹತ್ತರೊಳಗೆ ತಲುಪಲಿ. ಆಮೇಲೆ ಬಂದರೆ ವಿಳಾಸದಲ್ಲಿ ಯಾರೂ ಇರುವುದಿಲ್ಲ.

ತಮ್ಮ ವಿಧೇಯ,
46

ಪ್ರತಿಗಳು:
47ನೆಯವರಿಗೆ, ಸದ್ಯಕ್ಕೆ ನೆಟ್ಟಗೆ ನಿಲ್ಲುವಂತೆ ಸೂಚನೆಯೊಂದಿಗೆ.
16ನೆಯವರಿಗೆ, ಮಾಹಿತಿಗಾಗಿ.
ದಂತಪಂಕ್ತಿ ವಿಭಾಗಕ್ಕೆ, ಯಜಮಾನಿಯ ಹೆಸರನ್ನು ಈಗಲೇ ಸರದಿಯಲ್ಲಿ ಬರೆದುಕೊಳ್ಳುವ ಕೋರಿಕೆಯೊಂದಿಗೆ.