ಡಾಕ್ಟರ್ ಓಡಿಸಿದ ಗಾಡಿ

ನಮ್ಮ ಸೆಕೆಂಡ್ ಹ್ಯಾಂಡ್ ಎಸ್‌ಯುವಿಯ ಕಥೆ ಈ ಅಂಕಣದ ಓದುಗರಿಗೆ ಬಾಯಿಪಾಠ. ಮೂರು ತಿಂಗಳಲ್ಲಿ ಅದು ಐದನೇ ಸಲ ಗ್ಯಾರೇಜಿನಿಂದ ಬಂದಿದೆ. ಬಿಲ್ಲಿನ ಮೊತ್ತ ಹೇಳಲಾರೆ, ನಮ್ಮ ಮನೆಯಲ್ಲೂ ಈ ಪತ್ರಿಕೆ ಓದುತ್ತಾರೆ. ಬೇಸ್‌ಮೆಂಟಿಗಿಳಿದು ಗಾಡಿಯನ್ನೇ ಕೇಳಿದೆ.

ನಾನು: ಕ್ಲಚ್ ಹೋಯಿತು, ಸನ್‌ರೂಫ್ ಸೋರಿತು, ಎ.ಸಿ. ಬಿಸಿಗಾಳಿ ಊದುತ್ತಿದೆ. ಏನು ಹೇಳ್ತೀಯ?

ಗಾಡಿ: ಫಿಲ್ಟರ್ ವಿಷಯ ಹೇಳ್ತೀನಿ.

ನಾನು: ನಾನು ಕೇಳಿದ್ದು ಕ್ಲಚ್ಚು.

ಗಾಡಿ: ನಾನು 2020ರ ಬಿಎಸ್‌6 ಡೀಸೆಲ್. ಹೊಗೆಯ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇದೆ, ಮಸಿಯೆಲ್ಲ ಅಲ್ಲೇ ಕೂರುತ್ತೆ. ಅದು ಸುಟ್ಟು ಹೋಗಬೇಕಾದರೆ ಹೈವೇಯಲ್ಲಿ ಒಂದಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ನೀವೋ? ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್, ಮಗಳ ಟ್ಯೂಷನ್ನಿಗೆ ಒಂದೂವರೆ. ಮಸಿ ಸುಡೋಕೆ ಶುರುವಾಯಿತು ಅನ್ನುವಾಗ ಕೀಲಿ ತೆಗೆದು ಕೊತ್ತಂಬರಿ ಚೌಕಾಸಿಗೆ ಇಳೀತೀರಿ! ಭಾನುವಾರಕ್ಕೊಮ್ಮೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗಿದ್ದರೂ ಬದುಕ್ತಿದ್ದೆ.

ನಾನು: ಹೋಗೋದು ಹೇಗೆ? ನಮ್ಮ ಬೀದಿ ದಾಟೋದರಲ್ಲೇ ನಾಲ್ಕು ಹಂಪು! ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮವರು ಮಿಕ್ಕ ಡಾಂಬರನ್ನೆಲ್ಲ ಗೋರಿ ಥರ ಗುಡ್ಡೆ ಹಾಕಿ, ಬಿಳಿ ಬಣ್ಣವನ್ನೂ ಬಳಿಯದೆ...

ಗಾಡಿ: ಸಂದರ್ಶನ ನನ್ನದು.

ನಾನು: ಸರಿ. ನಿನ್ನ ಸಸ್ಪೆನ್ಷನ್ ಕಟಕಟ ಅನ್ನೋದು ಹಂಪಿನಿಂದ ತಾನೇ?

ಗಾಡಿ: ಫಿಲ್ಟರ್...

ನಾನು: ಹೋಗಲಿ, ಮೀಟರಿನಲ್ಲಿ 48,000 ಇದೆ. ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ ಸಾರ್’ ಅಂದಿದ್ದ ಬ್ರೋಕರ್.

ಗಾಡಿ: ಬ್ರೇಕ್ ಪೆಡಲಿನ ರಬ್ಬರು ಹಳೇ ನಾಲ್ಕಾಣೆ ಥರ ನುಣ್ಣಗಾಗಿದೆ. ನೀವು ಡ್ಯಾಶ್‌ಬೋರ್ಡಿನ ಪಾಲಿಶ್ ನೋಡ್ತಾ ನಿಂತಿರಿ. ಆ ಡಾಕ್ಟರು ದಿನಕ್ಕೆರಡು ಸಲ ಏರ್‌ಪೋರ್ಟಿಗೆ ಹೋಗ್ತಿದ್ರು, ಒಂದೊಂದು ಸಲ ಒಂದೊಂದು ಮುಖ ಹಿಂದೆ ಕೂರಿಸಿಕೊಂಡು. ಆಗ ನನ್ನ ಫಿಲ್ಟರ್ ಎಷ್ಟು ಚೆನ್ನಾಗಿತ್ತು!

ನಾನು: ಕೀಲಿ ತಿರುಗಿಸಿದರೆ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹತ್ತಿ ಆರಬೇಕು. ನಿನ್ನದು ಹತ್ತುತ್ತಲೇ ಇರಲಿಲ್ಲ. ನಿನ್ನೆ ಮೆಕ್ಯಾನಿಕ್ ಮೀಟರ್ ಬಿಚ್ಚಿದ. ದೀಪದ ಮೇಲೆ ಉಗುರಿನಗಲ ಕಪ್ಪು ಟೇಪು.

ಗಾಡಿ: ...

ನಾನು: ಮೂರು ತಿಂಗಳು ಮುಂದಿನ ಸೀಟಿನಲ್ಲಿ ನನ್ನ ಅಮ್ಮ ಕೂತಿದ್ದರು. ಮೀಟರ್ ತಿರುಗಿಸಿದವನು ನನ್ನ ದುಡ್ಡು ಕದ್ದ, ಅಷ್ಟೇ. ಈ ಟೇಪು ಅಂಟಿಸಿದವನಿಗೆ ಏರ್‌ಬ್ಯಾಗ್ ಕೆಟ್ಟಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕೀಲಿಯನ್ನು ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು ಅಮ್ಮನ ಕೈಗೇ ಕೊಟ್ಟ. ಫೋಟೋ ಕೂಡ ತೆಗೆದ.

ಗಾಡಿ: ನಾನು ಹೇಳ್ತಾನೇ ಇದ್ದೆ. ಟೇಪಿನ ಹಿಂದಿನಿಂದ.

ನಾನು: ಪಾರ್ಟು ಬರೋವರೆಗೆ ನೀನು ಇಲ್ಲೇ ಇರು. ಟೇಪು ತೆಗೆಸಿದ್ದೀನಿ. ಈಗ ಆ ದೀಪ ಆರೋದೇ ಇಲ್ಲ.

ಗಾಡಿ: ಉರೀಲಿ ಬಿಡಿ. ಫಿಲ್ಟರಿನ ದೀಪ ಒಂದೇ ಒಬ್ಬಂಟಿಯಾಗಿತ್ತು.