ಬಾಣಕ್ಕೆ ಬಳೆ ತೊಡಿಸಿದ್ದು

ಬಿಲ್ಲುಗಾರರಲ್ಲಿ ಕ್ರೆಸ್ಟಿಂಗ್ ಅಂತ ಒಂದು ಶೋಕಿ ಇದೆ. ಬಾಣದ ಗರಿಯ ಕೆಳಗೆ, ಕಡ್ಡಿಯ ಸುತ್ತ ಬಣ್ಣದ ಬಳೆಗಳನ್ನು ಬರೆಯುವುದು. ಚಂದಕ್ಕೂ ಆಯಿತು, ಗುರುತಿಗೂ ಆಯಿತು. ಬನ್ನಿಮರದ ಮೇಲೆ ಕೂತು ಈ ಬಿಲ್ಲು ಯಾರದು, ಈ ಬಾಣ ಯಾರದು ಎಂದು ಬೃಹನ್ನಳೆಯ ತಲೆ ತಿಂದ ಉತ್ತರಕುಮಾರನ ಪಾಡು ಯಾರಿಗೂ ಬರಬಾರದಲ್ಲ. ಈಗಿನ ಸ್ಪರ್ಧೆಗಳಲ್ಲೂ ಬಾಣದ ಮೇಲೆ ಹೆಸರೋ ಇನಿಶಿಯಲ್ಲೋ ಇರಲೇಬೇಕು.

ಮಾರ್ಕರಿನಲ್ಲಿ ಹೆಸರು ಗೀಚಿಕೊಂಡಿದ್ದರೆ ಸಾಕಿತ್ತು. ಆದರೆ ನಿವೃತ್ತಿಯಾದ ಮೇಲೆ ಬಿಲ್ಲು ಹಿಡಿದವನಿಗೆ ‘ಸಾಕು’ ಅನ್ನುವುದು ಎಲ್ಲಿಂದ ಬರಬೇಕು? ಬಾಣವನ್ನು ಕೈಯಲ್ಲೇ ತಿರುಗಿಸುತ್ತ ಬರೆದರೆ ಗೆರೆ ಹೊರಟಲ್ಲಿಗೆ ಬಂದು ಸೇರುವುದಿಲ್ಲ, ಸ್ಕ್ರೂ ಮರೆಯಂತೆ ಮುಂದಕ್ಕೇ ಹೋಗುತ್ತದೆ. ಬ್ರಷ್ ನಿಲ್ಲಬೇಕು, ಬಾಣ ತಿರುಗಬೇಕು. ಚನ್ನಪಟ್ಟಣದಲ್ಲಿ ಗಿರಗಿರ ಸುತ್ತುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅದನ್ನು ಕಂಡಾಗ ‘ಇದೇನು ಮಹಾ’ ಅನ್ನಿಸಿತ್ತು.

ಅಟ್ಟದ ಮೇಲೆ ಹಳೆ ಮಿಕ್ಸಿ ಇತ್ತು. ಅದರ ಮೋಟರು ನಿಮಿಷಕ್ಕೆ 18,000 ಸುತ್ತು ತಿರುಗುವುದು ಚಟ್ನಿಗೆ ಸಂಬಂಧಪಟ್ಟ ವಿಷಯ ಅಂತ ನಾನು ತಿಳಿದಿದ್ದೆ. ಸ್ವಿಚ್ ಹಾಕಿದ್ದೇ ತಡ, ಬಾಣಕ್ಕೆ ಮೈಮೇಲೆ ದೇವರು ಬಂತು. ಬ್ರಷ್ ಕೈತಪ್ಪಿ ಹಾರಿತು. ಕೆಂಪು ಬಣ್ಣ ಅಡುಗೆಮನೆಯ ಕ್ಯಾಲೆಂಡರಿನ ಏಕಾದಶಿಯ ಮೇಲೆ ಹೋಗಿ ಕೂತಿತು.

“ಮೈದಾನದಲ್ಲಿ ಬೋರ್ಡಿಗೇ ತಾಗಿಸೋಕಾಗಲ್ಲ, ಇಲ್ಲಿ ಏಕಾದಶಿಗೆ ಕರೆಕ್ಟಾಗಿ ಹೊಡೆದಿದೀರಲ್ರೀ!” ಅಂದಳು ನನ್ನಾಕೆ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ 12 ವೋಲ್ಟಿನ ಗೇರ್ ಮೋಟರು ಬಂತು, ನಿಮಿಷಕ್ಕೆ 200 ಸುತ್ತಿನದು. ಕರೆಂಟಿಗೆ ಹಳೆ ರೂಟರಿನ ಅಡಾಪ್ಟರು. ಬಾಣದ ಹಿಂತುದಿಯನ್ನು ಮೋಟರಿಗೆ ಜೋಡಿಸಲು ರಬ್ಬರ್ ಪೈಪಿನ ತುಂಡು. ಬಾಣ ಮಲಗಿಸಲು ಕಚ್ಚು ಕೊರೆದ ಎರಡು ಹಲಗೆ ಚೂರು. ರೊಟ್ಟಿ ಹಲಗೆಯ ಅಂಚು ಎಲ್ಲಿ ಹೋಯಿತೆಂದು ಮನೆಯಲ್ಲಿ ಇನ್ನೂ ವಿಚಾರಣೆ ನಡೆದಿದೆ. ಬಣ್ಣ ಮಗಳ ನೇಲ್ ಪಾಲಿಶ್. ಉಸಿರು ಬಿಗಿಹಿಡಿದು ಬ್ರಷ್ಷಿನ ತುದಿಯನ್ನಷ್ಟೇ ಸೋಕಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಗೆರೆಯ ತಲೆ ಬಾಲಕ್ಕೆ ಬಂದು ಸೇರಿ ಕೆಂಪು ಬಳೆಯೊಂದು ನಿಂತುಬಿಟ್ಟಿತು. ಅದರ ಪಕ್ಕ ಹಳದಿ, ಮತ್ತೆ ಕೆಂಪು. ಜಂಬವೋ ಜಂಬ. ಓಣಿಯಲ್ಲಿ ಬಾಣ ನೋಡದವರು ಯಾರೂ ಉಳಿಯಲಿಲ್ಲ.

ತಾಪತ್ರಯ ಶುರುವಾದದ್ದು ಮೈದಾನದಲ್ಲಿ. ಮೊದಲು ಎಲ್ಲರದೂ ಕರಿ ಕಾರ್ಬನ್ ಬಾಣ. ನಡುವಿನ ಹಳದಿ ವೃತ್ತದಲ್ಲಿ ನಾಟಿದ್ದು ನನ್ನದಿರಬಹುದು, ಹುಲ್ಲಿನಲ್ಲಿ ಬಿದ್ದದ್ದು ಯಾರದೋ ಹುಡುಗರದಿರಬಹುದು ಎಂದು ಮರ್ಯಾದೆಯಾಗಿ ಕಾಲ ಕಳೆಯುತ್ತಿದ್ದೆ. ಈಗ ಬೇಲಿಯಾಚೆಯಿಂದ, ಚರಂಡಿಯಿಂದ, ಪಕ್ಕದವರ ಬೋರ್ಡಿನಿಂದ ಹುಡುಗರು ಬಳೆ ತೊಟ್ಟ ಬಾಣಗಳನ್ನೇ ಆರಿಸಿ ತಂದು, “ಅಂಕಲ್, ಇದೂ ನಿಮ್ಮದೇ” ಅನ್ನುತ್ತಾರೆ.

ಮೋಟರು, ಅಡಾಪ್ಟರು, ಹಲಗೆ ಎಲ್ಲವೂ ಸುಸ್ಥಿತಿಯಲ್ಲಿವೆ. ಗುರಿ ಚೆನ್ನಾಗಿರುವವರು ಯಾರಾದರೂ ಬಂದು ಪುಕ್ಕಟೆ ಒಯ್ಯಬಹುದು. ನೇಲ್ ಪಾಲಿಶ್ ಮಾತ್ರ ನೀವೇ ತಂದುಕೊಳ್ಳಿ.